ಮಳೆಗಾಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಯಾವ ಸೈಟೂ ತೆರೆಯುತ್ತಿಲ್ಲವೇ? ಮೊದಲು ತಾರೀಖು ನೋಡಿ

ಮುಂಗಾರಿಗೆ ಮುಂಚಿನ ಗುಡುಗು ಶುರುವಾಯಿತೆಂದರೆ ಕಂಪ್ಯೂಟರಿನ ಪ್ಲಗ್ ಕಿತ್ತು, ಮೇಲೊಂದು ಬಟ್ಟೆ ಹೊದಿಸಿ ಇಟ್ಟುಬಿಡುವುದು ಮಲೆನಾಡಿನ ಎಷ್ಟೋ ಮನೆಗಳ ರೂಢಿ. ಮಳೆ ಹೊಳವಾಗಿ, ಅಡಿಕೆ ಲೆಕ್ಕ ಬರೆಯಲೋ ಹೋಂಸ್ಟೇ ಬುಕಿಂಗ್ ನೋಡಲೋ ಅದನ್ನು ಮತ್ತೆ ಹಚ್ಚುವಾಗ ಸೆಪ್ಟೆಂಬರ್ ಅಕ್ಟೋಬರ್ ಆಗಿರುತ್ತದೆ. ಕಂಪ್ಯೂಟರ್ ಏನೋ ಶುರುವಾಗುತ್ತದೆ, ಇಂಟರ್‌ನೆಟ್ಟೂ ಇದೆ. ಆದರೆ ಬ್ರೌಸರ್ ಯಾವ ಸೈಟನ್ನೂ ತೆರೆಯಲೊಲ್ಲದು. ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂಬ ಕೆಂಪು ಗುರುತಿನ ಪುಟವೊಂದೇ ಎದುರಿಗೆ.

ವೈರಸ್ ಹೊಕ್ಕಿದೆ ಎಂದುಕೊಂಡು ಸಿಪಿಯು ಹೊತ್ತು ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಹೋಗಿ ಫಾರ್ಮ್ಯಾಟ್ ಮಾಡಿಸುವವರುಂಟು. ಅಂಗಡಿಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಮನೆಗೆ ತಂದು ಪ್ಲಗ್ ಹಾಕಿದರೆ ಮತ್ತೆ ಅದೇ ಪುಟ. ತೊಂದರೆ ಇದ್ದದ್ದು ಕಂಪ್ಯೂಟರಿನ ಗಡಿಯಾರದಲ್ಲಿ. ಫಾರ್ಮ್ಯಾಟ್ ಮಾಡಿದರೆ ಅದು ಎಲ್ಲಿ ಸರಿಹೋಗಬೇಕು?

ಇದೇ ಪುಟ ಇನ್ನೊಂದು ಕಾರಣಕ್ಕೂ ಬರುತ್ತದೆ: ನೀವು ತೆರೆಯುತ್ತಿರುವ ಸೈಟಿನ ಪ್ರಮಾಣಪತ್ರದ ಅವಧಿ ಮುಗಿದಿರಬಹುದು. ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರು ಈ ಎರಡನೆಯದನ್ನೂ ತಿಳಿದಿರಬೇಕಾದ ಕಾಲ ಬಂದಿದೆ, ಏಕೆಂದರೆ ಪ್ರಮಾಣಪತ್ರಗಳ ಆಯುಸ್ಸು ಹಂತಹಂತವಾಗಿ ಕಡಿಮೆಯಾಗುತ್ತಿದೆ.

ಬ್ರೌಸರ್ ಏನನ್ನು ತಾಳೆ ನೋಡುತ್ತದೆ?

ವಿಳಾಸದ ಮೊದಲಿಗೆ ‘ಎಚ್‌ಟಿಟಿಪಿಎಸ್’ ಎಂದಿರುವ ಪ್ರತಿ ಸೈಟಿಗೂ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಇದು ಯಾವ ಸೈಟಿಗೆ ಸೇರಿದ್ದು, ಯಾವ ಸಂಸ್ಥೆ ಕೊಟ್ಟದ್ದು, ಯಾವಾಗಿನಿಂದ ಯಾವಾಗಿನವರೆಗೆ ಚಾಲ್ತಿ ಎಂಬ ವಿವರ ಅದರೊಳಗಿರುತ್ತದೆ. ಸೈಟ್ ತೆರೆಯುವ ಮುನ್ನ ಬ್ರೌಸರ್ ಇದನ್ನೆಲ್ಲ ನೋಡುತ್ತದೆ. ‘ಇಂದು ಎಷ್ಟನೇ ತಾರೀಖು’ ಎಂಬುದಕ್ಕೆ ಅದು ನಂಬುವುದು ನಿಮ್ಮ ಕಂಪ್ಯೂಟರಿನ ಗಡಿಯಾರವನ್ನು.

ಕಾಲೇಜು ಹುಡುಗರ ಬಸ್ ಪಾಸಿನಂತೆ ಇದು. ಪಾಸಿನ ಅವಧಿ ಮುಗಿದಿದ್ದರೆ ಕಂಡಕ್ಟರ್ ಒಪ್ಪುವುದಿಲ್ಲ. ಪಾಸ್ ಸರಿಯಾಗಿದ್ದು ಕಂಡಕ್ಟರ್ ಕೈಯಲ್ಲಿರುವ ಕ್ಯಾಲೆಂಡರ್ 2015ರದ್ದಾಗಿದ್ದರೂ ಒಪ್ಪುವುದಿಲ್ಲ, ‘ಇದಿನ್ನೂ ಶುರುವೇ ಆಗಿಲ್ಲ’ ಎನ್ನುತ್ತಾನೆ. ಮೊದಲನೆಯದು ಸೈಟಿನ ತಪ್ಪು, ಎರಡನೆಯದು ನಿಮ್ಮ ಕಂಪ್ಯೂಟರಿನ ತಪ್ಪು. ಎಚ್ಚರಿಕೆಯ ಪುಟ ಮಾತ್ರ ಹೆಚ್ಚುಕಮ್ಮಿ ಒಂದೇ.

ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು

ಪರದೆಯ ಬಲಗಡೆ ಕೆಳಗಿನ ಗಡಿಯಾರವನ್ನು ನೋಡಿ. ಗಂಟೆಯನ್ನಷ್ಟೇ ನೋಡಿದರೆ ಸಾಲದು, ಇಸವಿಯನ್ನೂ ನೋಡಿ. ತಾರೀಖು 2015ಕ್ಕೋ 2018ಕ್ಕೋ ಹೋಗಿ ಗಂಟೆ ಮಾತ್ರ ಆಕಸ್ಮಿಕವಾಗಿ ಹತ್ತಿರದಲ್ಲಿರುವುದುಂಟು, ಕಣ್ಣಿಗೆ ಮೋಸವಾಗುತ್ತದೆ. ಗಡಿಯಾರ ಬಹಳ ಹಿಂದಿದ್ದರೆ ಕ್ರೋಮ್ ತಾನೇ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಎಂದು ಹೇಳುವುದೂ ಇದೆ.

ಆಮೇಲೆ ಅದೇ ಸೈಟನ್ನು ಮೊಬೈಲಿನಲ್ಲಿ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಮೊಬೈಲ್ ತನ್ನ ಸಮಯವನ್ನು ನೆಟ್‌ವರ್ಕಿನಿಂದ ಪಡೆಯುವುದರಿಂದ ಅದರ ಗಡಿಯಾರ ಸಾಮಾನ್ಯವಾಗಿ ಸರಿಯಿರುತ್ತದೆ. ಅಲ್ಲಿ ತೆರೆದು ಇಲ್ಲಿ ತೆರೆಯದಿದ್ದರೆ ತಪ್ಪು ಕಂಪ್ಯೂಟರಿನದು. ಎರಡರಲ್ಲೂ ಅದೊಂದೇ ಸೈಟ್ ತೆರೆಯದೆ ಉಳಿದವೆಲ್ಲ ತೆರೆದರೆ ತಪ್ಪು ಸೈಟಿನದು.

‘ಅಡ್ವಾನ್ಸ್ಡ್’ ಒತ್ತಿ ಎಚ್ಚರಿಕೆಯನ್ನು ದಾಟಿ ಒಳಹೋಗುವ ದಾರಿಯೊಂದು ಕೆಲವು ಸೈಟುಗಳಲ್ಲಿ ಸಿಗುತ್ತದೆ. ಬ್ಯಾಂಕು, ಇಮೇಲ್, ಹಣ ಕಟ್ಟುವ ಪುಟಗಳಲ್ಲಿ ಆ ದಾರಿ ಹಿಡಿಯಲೇಬೇಡಿ. ಗಡಿಯಾರ ಸರಿಮಾಡಲು ಬೇಕಾಗುವುದು ಒಂದು ನಿಮಿಷ, ಅದನ್ನು ಬಿಟ್ಟು ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕುವುದರಲ್ಲಿ ಅರ್ಥವಿಲ್ಲ.

ಪ್ಲಗ್ ಕಿತ್ತಾಗ ಗಡಿಯಾರವನ್ನು ಓಡಿಸುವುದು ಯಾವುದು?

ಮದರ್‌ಬೋರ್ಡಿನ ಮೇಲೆ ಆರ್‌ಟಿಸಿ, ಅಂದರೆ ರಿಯಲ್ ಟೈಮ್ ಕ್ಲಾಕ್ ಎಂಬ ಪುಟ್ಟ ಗಡಿಯಾರವಿದೆ (ಪಹಣಿಯ ಆರ್‌ಟಿಸಿ ಅಲ್ಲ). ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿನ ಲೆಕ್ಕದಲ್ಲಿ ಇದು ಓಡುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಬೋರ್ಡಿಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ ಬರುತ್ತಲೇ ಇರುತ್ತದೆ. ಗಡಿಯಾರ ಅದರಲ್ಲೇ ನಡೆಯುತ್ತದೆ. ಪ್ಲಗ್ ಕಿತ್ತರೆ, ಗೋಡೆಯ ಸ್ವಿಚ್ ಆರಿಸಿದರೆ, ಅಥವಾ ಕ್ಯಾಬಿನೆಟ್ ಹಿಂದಿನ ಎಸ್‌ಎಂಪಿಎಸ್ ಸ್ವಿಚ್ ಆರಿಸಿದರೆ ಆ ಭಾರವೆಲ್ಲ ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ ಮೇಲೆ ಬೀಳುತ್ತದೆ. ಸಿಎಂಒಎಸ್ ಬ್ಯಾಟರಿ ಎನ್ನುವುದು ಇದಕ್ಕೇ.

ಸಾಮಾನ್ಯವಾಗಿ ಇದು ಸಿಆರ್2032 ಸೆಲ್: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್, ಸಾಮರ್ಥ್ಯ ಸುಮಾರು 220 ಮಿಲಿಆಂಪ್ ಗಂಟೆ. ಗಡಿಯಾರ ಎಳೆಯುವುದು ಕೆಲವೇ ಮೈಕ್ರೊಆಂಪ್. 5 ಮೈಕ್ರೊಆಂಪ್ ಎಂದು ಹಿಡಿದರೆ 44,000 ಗಂಟೆ, ಅಂದರೆ ಐದು ವರ್ಷ. ಸದಾ ಪ್ಲಗ್‌ನಲ್ಲೇ ಇರುವ ಯಂತ್ರದಲ್ಲಿ ಸೆಲ್‌ಗೆ ಕೆಲಸವೇ ಕಡಿಮೆ, ಅದಕ್ಕಿಂತ ಹೆಚ್ಚು ಬಾಳುತ್ತದೆ. ದಿನಾ ರಾತ್ರಿ ಸ್ವಿಚ್ ಆರಿಸಿ, ಮಳೆಗಾಲವಿಡೀ ಪ್ಲಗ್ ಕಿತ್ತಿಡುವ ಮನೆಯಲ್ಲಿ ಅದು ಹೆಚ್ಚುಕಡಿಮೆ ಹಗಲೂ ರಾತ್ರಿ ದುಡಿಯುತ್ತಿರುತ್ತದೆ. ಇದರ ಮೇಲೆ ಆಗುಂಬೆ, ಹೊಸನಗರ ಕಡೆಯ ಥಂಡಿ. ಬೋರ್ಡಿನ ದೂಳು ತೇವ ಹೀರಿಕೊಂಡರೆ ಅದರ ಮೂಲಕವೂ ಚೂರುಚೂರು ವಿದ್ಯುತ್ ಸೋರುತ್ತದೆ. ಐದಾರು ವರ್ಷದ ಸೆಲ್ ಪ್ರಾಣ ಬಿಡಲು ಮಳೆಗಾಲವನ್ನೇ ಆರಿಸಿಕೊಳ್ಳುವುದು ಹೀಗೆ.

ಹಾಗೆಂದು ಪ್ಲಗ್ ಕೀಳುವುದನ್ನು ಬಿಡಬೇಡಿ. ಸೆಲ್ ಅಗ್ಗ, ಮದರ್‌ಬೋರ್ಡ್ ದುಬಾರಿ. ನಮ್ಮಲ್ಲಿ ಸಿಡಿಲಿನ ಕಾಟ ಹೆಚ್ಚು ಇರುವುದು ಏಪ್ರಿಲ್ ಮೇನಲ್ಲಿ, ಮತ್ತೆ ಹಿಂಗಾರಿನ ಅಕ್ಟೋಬರಿನಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗಿನ ತೊಂದರೆ ಬೇರೆ: ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು, ಬಂದಾಗ ಏರುಪೇರಾಗಿ ಬರುವುದು. ಗುಡುಗುವಾಗ ಕರೆಂಟಿನ ಪ್ಲಗ್ ಜೊತೆಗೆ ಇಂಟರ್‌ನೆಟ್ಟಿನ ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರ್ ಕನೆಕ್ಷನ್ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಮೋಡೆಮ್‌ನ ಅಡಾಪ್ಟರ್ ಕರೆಂಟಿಗೇ ಚುಚ್ಚಿರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಕಂಪ್ಯೂಟರಿಗೆ ಬರುತ್ತದೆ.

‘ವಾರಕ್ಕೊಮ್ಮೆ ಹಚ್ಚಿದರೆ ಸೆಲ್ ಚಾರ್ಜ್ ಆಗುತ್ತದೆ’ ಎಂಬ ಮಾತು ಚಾಲ್ತಿಯಲ್ಲಿದೆ. ಸಿಆರ್2032 ಚಾರ್ಜ್ ಆಗುವ ಜಾತಿಯದಲ್ಲ. ಪ್ಲಗ್ ಹಾಕಿದಷ್ಟು ಹೊತ್ತು ಅದರ ಖರ್ಚು ನಿಲ್ಲುತ್ತದೆ, ಅಷ್ಟೇ. ಆದರೂ ವಾರಕ್ಕೊಮ್ಮೆ ಒಂದೆರಡು ಗಂಟೆ ಹಚ್ಚುವುದು ಒಳ್ಳೆಯದೇ. ಒಳಗಿನ ಬಿಸಿಗೆ ತೇವ ಆರುತ್ತದೆ, ರ್‍ಯಾಮ್‌ನ ಕಾಲುಗಳಿಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

ಸೆಲ್ ಬದಲಿಸುವ ಬಗೆ

ಸಿಆರ್2032ಕ್ಕಾಗಿ ಕಂಪ್ಯೂಟರ್ ಅಂಗಡಿಯನ್ನೇ ಹುಡುಕಬೇಕಿಲ್ಲ. ಕಾರಿನ ರಿಮೋಟ್ ಕೀ, ಡಿಜಿಟಲ್ ತಕ್ಕಡಿಗಳಲ್ಲೂ ಇದೇ ಇರುವುದರಿಂದ ವಾಚ್ ರಿಪೇರಿ ಅಂಗಡಿಗಳಲ್ಲಿ ಸಿಗುತ್ತದೆ. ಅಂಗಡಿಯವರ ಹತ್ತಿರ ಮಲ್ಟಿಮೀಟರ್ ಇದ್ದರೆ ಅಳೆಸಿ ನೋಡಿ. ಹೊಸದು 3.2 ವೋಲ್ಟ್ ಆಸುಪಾಸು ತೋರಿಸಬೇಕು, 3ಕ್ಕಿಂತ ಕೆಳಗಿದ್ದರೆ ಬಹಳ ಕಾಲ ಬಿದ್ದುಕೊಂಡಿದ್ದ ಮಾಲು. ಸಿಆರ್2025 ಕೊಟ್ಟರೆ ಬೇಡವೆನ್ನಿ. ಅಗಲ ಅಷ್ಟೇ, ದಪ್ಪ 2.5 ಮಿ.ಮೀ. ಮಾತ್ರ, ಗೂಡಿನಲ್ಲಿ ಸಡಿಲವಾಗುತ್ತದೆ. ಎಲ್‌ಐಆರ್2032 ಎಂಬುದೂ ಬೇಡ, ಅದು ರೀಚಾರ್ಜ್ ಆಗುವ 3.6 ವೋಲ್ಟಿನ ಸೆಲ್.

ಮುಚ್ಚಳ ತೆಗೆಯುವ ಮುನ್ನ ಎರಡು ಕೆಲಸಗಳಿವೆ. ಕಂಪ್ಯೂಟರ್ ಹಚ್ಚುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಜಾಗ) ಹೋಗಿ ಅದರ ಪುಟಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ, ಮುಖ್ಯವಾಗಿ ಬೂಟ್ ಕ್ರಮ ಮತ್ತು ‘ಸಾಟಾ ಮೋಡ್’ (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಬಗೆ) ಇರುವ ಪುಟ. ಇನ್ನೊಂದು, ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ ಸೆಟ್ಟಿಂಗ್ ಅಳಿಸಿಹೋದಾಗ ಅದು ಆ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವ ಯಾವುದೂ ಸಿಗುವುದಿಲ್ಲ. ಇಡೀ ಕೆಲಸದಲ್ಲಿ ನಿಜವಾಗಿ ಹೆದರಬೇಕಾದ ಜಾಗ ಇದೊಂದೇ.

ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹೋಗಲಾಡಿಸಿ. ಎದುರಿನಿಂದ ನೋಡಿದಾಗ ಎಡಬದಿಯ ಮುಚ್ಚಳವೇ ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ತೆರೆಯುವಂಥದ್ದು. ಒಳಗೆ ಕೈಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಸೆಲ್ ಗೂಡಿನ ಅಂಚಿನಲ್ಲಿ ಸಣ್ಣ ಲೋಹದ ಕೊಕ್ಕೆ ಇರುತ್ತದೆ. ಅದನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಹಿಂದಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ. ಲೋಹದ ಚಿಮಟದಿಂದ ಎರಡೂ ಮುಖ ಹಿಡಿಯಬಾರದು, ಶಾರ್ಟ್ ಆಗುತ್ತದೆ. ಹೊಸದನ್ನು ಪ್ಲಸ್ ಗುರುತಿನ, ಅಕ್ಷರ ಬರೆದ ಮುಖ ಮೇಲೆ ಬರುವಂತೆ ಕೂರಿಸಿ. ಲ್ಯಾಪ್‌ಟಾಪ್‌ನಲ್ಲಿ ಈ ಸೆಲ್‌ಗೆ ತಂತಿ, ಕನೆಕ್ಟರ್ ಇರುತ್ತವೆ. ಈಚಿನ ಕೆಲವು ಮಾದರಿಗಳಲ್ಲಿ ಸೆಲ್ಲೇ ಇರುವುದಿಲ್ಲ, ಗಡಿಯಾರ ಮುಖ್ಯ ಬ್ಯಾಟರಿಯಲ್ಲಿ ಓಡುತ್ತದೆ. ಲ್ಯಾಪ್‌ಟಾಪ್ ಬಿಚ್ಚುವ ಅಭ್ಯಾಸವಿಲ್ಲದವರು ಅಂಗಡಿಗೇ ಕೊಡುವುದು ವಾಸಿ.

ತೆಗೆದ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟಗಾಯ ಮಾಡಬಲ್ಲದು. ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಹೋಗಬೇಕು.

ಹಚ್ಚಿದ ಕೂಡಲೇ ‘ಸಿಎಂಒಎಸ್ ಚೆಕ್‌ಸಮ್ ಎರರ್, ಪ್ರೆಸ್ ಎಫ್1’ ಎಂದೇನಾದರೂ ಬಂದರೆ ಗಾಬರಿಯಾಗಬೇಡಿ, ಸೆಲ್ ತೆಗೆದ ಮೇಲೆ ಹಾಗೆ ಬರುವುದೇ. ಬಯೋಸ್‌ಗೆ ಹೋಗಿ ತಾರೀಖು, ಸಮಯ ತುಂಬಿ, ಫೋಟೊ ನೋಡಿಕೊಂಡು ಉಳಿದದ್ದನ್ನು ಮೊದಲಿನಂತೆ ಮಾಡಿ, ಎಫ್10 ಒತ್ತಿ ಉಳಿಸಿ. ವಿಂಡೋಸ್ ಏಳದೆ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಬಲ್ ಬೂಟ್ ಡಿವೈಸ್’ ಎಂದು ಬಂದರೆ ಡಿಸ್ಕ್ ಕೆಟ್ಟಿತೆಂದು ತೀರ್ಮಾನಿಸಬೇಡಿ. ಸಾಟಾ ಮೋಡ್ ಎಎಚ್‌ಸಿಐನಿಂದ ರೇಡ್‌ಗೋ, ಅಥವಾ ತಿರುಗಾಮುರುಗಾ ಆಗಿಯೋ ಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನು ವಿಂಡೋಸ್ ಒಳಗೆ. ಟೈಮ್ ಝೋನ್ ‘ಚೆನ್ನೈ, ಕೋಲ್ಕತ್ತ, ಮುಂಬೈ, ನ್ಯೂ ಡೆಲ್ಲಿ’ ಎಂದಿರಲಿ. ಝೋನ್ ಅಮೆರಿಕದ ಪೆಸಿಫಿಕ್ ಸಮಯದ್ದಾಗಿದ್ದು, ಗಂಟೆಯನ್ನು ಮಾತ್ರ ಕೈಯಿಂದ ನಮ್ಮ ಸಮಯಕ್ಕೆ ತಿರುಗಿಸಿಟ್ಟರೆ ಗಡಿಯಾರ ನೋಡಲು ಸರಿಯಿದ್ದರೂ ಒಳಗಿನ ಲೆಕ್ಕ ಹನ್ನೆರಡು ಹದಿಮೂರು ಗಂಟೆ ತಪ್ಪಿರುತ್ತದೆ. ಪ್ರಮಾಣಪತ್ರದ ಲೆಕ್ಕ ನಡೆಯುವುದು ಅಂತರರಾಷ್ಟ್ರೀಯ ಸಮಯದಲ್ಲಿ. ಝೋನ್ ಸರಿಪಡಿಸಿದ ಮೇಲೆ ಡೇಟ್ ಆಂಡ್ ಟೈಮ್ ಪುಟದಲ್ಲಿ ‘ಸಿಂಕ್ ನೌ’ ಒತ್ತಿ. ವ್ಯತ್ಯಾಸ ವರ್ಷಗಳಷ್ಟು ದೊಡ್ಡದಿದ್ದರೆ ವಿಂಡೋಸ್ ತಾನಾಗಿ ತಿದ್ದಿಕೊಳ್ಳದೆ ಇರಬಹುದು. ಆಗ ಕೈಯಿಂದ ಇಂದಿನ ತಾರೀಖು ತುಂಬಿ, ಆಮೇಲೆ ಸಿಂಕ್ ಮಾಡಿ. ಕರಾರುವಾಕ್ಕಾಗಿ ಐದೂವರೆ ಗಂಟೆಯೇ ತಪ್ಪಿದೆಯೇ? ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದರೆ ಹೀಗಾಗುತ್ತದೆ, ಸೆಲ್ಲಿನ ದೋಷವಲ್ಲ.

ತಾರೀಖು ತಪ್ಪಿದ್ದರೆ ಬ್ರೌಸರ್ ಒಂದೇ ಅಲ್ಲ, ಇನ್ನೂ ಕೆಲವು ಕೆಡುತ್ತವೆ. ಜಿಎಸ್‌ಟಿ, ಟೆಂಡರ್ ಕೆಲಸದ ಡಿಜಿಟಲ್ ಸಹಿ ಕೈಕೊಡುತ್ತದೆ, ವಿಂಡೋಸ್ ಅಪ್‌ಡೇಟ್ ನಿಲ್ಲುತ್ತದೆ. ಬ್ಯಾಕಪ್ ತಂತ್ರಾಂಶ ಹೊಸ ಫೈಲನ್ನು ಹಳೆಯದೆಂದು ತಿಳಿದು ಬಿಟ್ಟುಬಿಡಬಹುದು. ಮೂರರಲ್ಲಿ ಇದೇ ಹೆಚ್ಚು ಕೆಟ್ಟದ್ದು, ತಕ್ಷಣಕ್ಕೆ ಯಾರಿಗೂ ಗೊತ್ತಾಗುವುದಿಲ್ಲ.

ಗಡಿಯಾರ ಸರಿ, ಸೈಟೂ ಸರಿ, ಆದರೂ ಎಚ್ಚರಿಕೆ

ಯಂತ್ರ ಬಹಳ ಹಳೆಯದಾಗಿದ್ದರೆ ಹೀಗೂ ಆಗುತ್ತದೆ. ಯಾವ ಸಂಸ್ಥೆಗಳು ಕೊಟ್ಟ ಪ್ರಮಾಣಪತ್ರವನ್ನು ನಂಬಬೇಕು ಎಂಬ ಪಟ್ಟಿ ಕಂಪ್ಯೂಟರಿನಲ್ಲಿರುತ್ತದೆ, ಆ ಪಟ್ಟಿಯಲ್ಲಿರುವ ಮೂಲ ಪ್ರಮಾಣಪತ್ರಗಳಿಗೂ ಅವಧಿಯಿದೆ. 2021ರ ಸೆಪ್ಟೆಂಬರ್ 30ರಂದು ಅಂಥದ್ದೊಂದು ಮುಗಿದಾಗ ಅಪ್‌ಡೇಟ್ ಕಾಣದ ಎಷ್ಟೋ ಹಳೆಯ ಸಾಧನಗಳಲ್ಲಿ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಪ್ರಮಾಣಪತ್ರವಿದ್ದ ಸೈಟುಗಳು ತೆರೆಯದಾದವು. ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಫೈರ್‌ಫಾಕ್ಸ್ ತನ್ನದೇ ನಂಬಿಕೆಯ ಪಟ್ಟಿ ಇಟ್ಟುಕೊಂಡಿರುವುದರಿಂದ ಹಳೆಯ ವಿಂಡೋಸ್‌ನಲ್ಲಿ ಅದು ಕೆಲಕಾಲ ಕೈಹಿಡಿಯಬಹುದು.

ತಪ್ಪು ನಿಮ್ಮ ಸೈಟಿನದೇ ಆದರೆ

ಹೋಂಸ್ಟೇ, ಜೇನು, ಕಾಳುಮೆಣಸು ಎಂದು ಸಣ್ಣ ಸೈಟ್ ಇಟ್ಟುಕೊಂಡವರು ಮೂರು ಬೇರೆಬೇರೆ ಅವಧಿಗಳ ಲೆಕ್ಕ ಇಡಬೇಕಾಗುತ್ತದೆ. ಡೊಮೇನ್ ಎಂದರೆ ಸೈಟಿನ ಹೆಸರು, ವರ್ಷದ ಲೆಕ್ಕದಲ್ಲಿ ನೋಂದಾಯಿಸುವಂಥದ್ದು. ಹೋಸ್ಟಿಂಗ್ ಎಂದರೆ ಫೈಲುಗಳು ಕೂತಿರುವ ಬಾಡಿಗೆ ಜಾಗ. ಮೂರನೆಯದು ಪ್ರಮಾಣಪತ್ರ. ಒಂದಕ್ಕೆ ದುಡ್ಡು ಕಟ್ಟಿದರೆ ಉಳಿದೆರಡೂ ಮುಂದುವರಿಯುತ್ತವೆ ಎಂದೇನಿಲ್ಲ.

ಪ್ರಮಾಣಪತ್ರಗಳ ಗರಿಷ್ಠ ಅವಧಿ 2020ರ ಸೆಪ್ಟೆಂಬರಿನಿಂದ 398 ದಿನ ಇತ್ತು. ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ಕಂಪನಿಗಳ ಒಕ್ಕೂಟ 2025ರಲ್ಲಿ ಒಪ್ಪಿದ ನಿಯಮದಂತೆ 2026ರ ಮಾರ್ಚ್ 15ರಿಂದ ಅದು 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಸೈಟಿನ ಗುಪ್ತ ಕೀ ಕಳುವಾದರೆ ಆ ಪ್ರಮಾಣಪತ್ರವನ್ನು ರದ್ದು ಮಾಡಿದ ಸುದ್ದಿ ಎಲ್ಲ ಬ್ರೌಸರುಗಳಿಗೆ ನೆಚ್ಚುವಂತೆ ತಲುಪುವುದಿಲ್ಲ, ಅವಧಿಯೇ ಚಿಕ್ಕದಾಗಿದ್ದರೆ ಕದ್ದವನಿಗೆ ಸಿಗುವ ಕಾಲವೂ ಕಡಿಮೆ ಎಂಬುದು ಇದರ ಹಿಂದಿನ ಒಂದು ಮುಖ್ಯ ಕಾರಣ. ದುಡ್ಡು ಕೊಟ್ಟು ಒಂದು ವರ್ಷದ ಪ್ರಮಾಣಪತ್ರ ಕೊಂಡವರೂ ಈಗ ನಡುವೆ ಮತ್ತೆ ಹೊಸದನ್ನು ಪಡೆದು ಸರ್ವರ್‌ಗೆ ಹಾಕಬೇಕು. ಕಟ್ಟಿದ ದುಡ್ಡು ವರ್ಷಕ್ಕೆ, ಪತ್ರದ ಚಾಲ್ತಿ ಸುಮಾರು ಆರೂವರೆ ತಿಂಗಳಿಗೆ.

ಸಣ್ಣ ಸೈಟುಗಳಲ್ಲಿ ಹೆಚ್ಚಾಗಿ ಇರುವುದು ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳ ಉಚಿತ, 90 ದಿನದ ಪ್ರಮಾಣಪತ್ರ. ಹೋಸ್ಟಿಂಗ್ ಸರ್ವರ್ ಅದನ್ನು ತಾನಾಗಿ ನವೀಕರಿಸುತ್ತಿರಬೇಕು. ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ 2025ರ ಜೂನ್ 4ಕ್ಕೆ ನಿಂತಿದೆ, ಆದ್ದರಿಂದ ನೀವೇ ನೋಡಬೇಕು. ವಿಳಾಸದ ಎಡಗಡೆಯ ಚಿಹ್ನೆ ಒತ್ತಿ, ‘ಕನೆಕ್ಷನ್ ಈಸ್ ಸೆಕ್ಯೂರ್’ ಎಂಬಲ್ಲಿಂದ ಸರ್ಟಿಫಿಕೇಟ್ ತೆರೆದರೆ ‘ಎಕ್ಸ್‌ಪೈರ್ಸ್ ಆನ್’ ಎಂಬ ತಾರೀಖು ಸಿಗುತ್ತದೆ. ತಾನಾಗಿ ನವೀಕರಣ ಸಾಮಾನ್ಯವಾಗಿ 30 ದಿನ ಉಳಿದಿರುವಾಗಲೇ ಆಗುತ್ತದೆ. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಏನೋ ಸಿಕ್ಕಿಕೊಂಡಿದೆ ಎಂದು ಅರ್ಥ.

ನವೀಕರಣ ನಿಲ್ಲುವುದೇಕೆ?

ಪ್ರಮಾಣಪತ್ರ ಕೊಡುವ ಮುನ್ನ ಸಂಸ್ಥೆ ‘ಈ ಸೈಟ್ ನಿನ್ನದೇ ಹೌದಾದರೆ ಇಂಥ ಫೈಲನ್ನು ಇಂಥ ಜಾಗದಲ್ಲಿಟ್ಟು ತೋರಿಸು’ ಎನ್ನುತ್ತದೆ. ಸರ್ವರ್ ಅದನ್ನು ಇಡುತ್ತದೆ, ಸಂಸ್ಥೆ ಹೊರಗಿನಿಂದ ಬಂದು ನೋಡಿ ಒಪ್ಪುತ್ತದೆ. ಈ ಸಣ್ಣ ವ್ಯವಹಾರ ಮುರಿದುಬೀಳಲು ಹಲವು ದಾರಿಗಳಿವೆ.

ನೋಡಿದ ಕೂಡಲೇ ಹೊಳೆಯದ ಕಾರಣ ಜಾಗ ತುಂಬಿಹೋಗುವುದು. ಮೊಬೈಲಿನಲ್ಲಿ ತೆಗೆದ ಐದು ಎಂಟು ಎಂಬಿಯ ಫೋಟೊಗಳನ್ನು ಹಾಗೇ ಏರಿಸಿ, ಅದೇ ಖಾತೆಯ ಇಮೇಲಿನಲ್ಲಿ ವರ್ಷಗಟ್ಟಲೆ ಸ್ಪ್ಯಾಮ್ ಕೂಡಿಹಾಕಿದರೆ ಒಂದು ಜಿಬಿ ಹೋಸ್ಟಿಂಗ್ ಎಷ್ಟು ದಿನ ಸಾಕಾದೀತು? ಜಾಗವಿಲ್ಲದ ಖಾತೆಯಲ್ಲಿ ಆ ಪುಟ್ಟ ಫೈಲನ್ನು ಬರೆಯುವುದಕ್ಕೂ ಆಗುವುದಿಲ್ಲ. ಫೋಟೊವನ್ನು 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿ ಏರಿಸಿದರೆ ಒಂದೊಂದೂ ಕೆಲವು ನೂರು ಕೆಬಿಯಲ್ಲಿ ಮುಗಿಯುತ್ತದೆ, ಜೋಗದ ನೋಟಕ್ಕೆ ಅಷ್ಟು ಧಾರಾಳ ಸಾಕು.

ಹೋಸ್ಟಿಂಗ್ ಬದಲಿಸಿ ಡೊಮೇನಿನ ಡಿಎನ್‌ಎಸ್ ದಾಖಲೆಯನ್ನು (ಯಾವ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವಂಥದ್ದು) ಅರ್ಧ ಮಾತ್ರ ತಿದ್ದಿರುವುದು ಇನ್ನೊಂದು ಕಾರಣ. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ವಿಳಾಸ ಹೊಸ ಸರ್ವರ್‌ಗೆ, ಇಲ್ಲದ್ದು ಹಳೆಯದಕ್ಕೆ ಹೋಗುತ್ತಿದ್ದರೆ ಒಂದು ತೆರೆಯುತ್ತದೆ, ಇನ್ನೊಂದು ಎಚ್ಚರಿಕೆ ತೋರಿಸುತ್ತದೆ. ಎರಡನ್ನೂ ಬೇರೆಬೇರೆಯಾಗಿ ತೆರೆದು ನೋಡಬೇಕು. ಸೈಟಿಗೆ ಬಂದವರನ್ನೆಲ್ಲ ಬೇರೆ ಪುಟಕ್ಕೆ ತಿರುಗಿಸುವ ನಿಯಮವೋ ಭದ್ರತೆಯ ಪ್ಲಗಿನ್ನೋ ಪರೀಕ್ಷೆಗೆ ಬಂದ ಸಂಸ್ಥೆಯನ್ನೂ ತಡೆಯುವುದುಂಟು.

ಡೊಮೇನ್ ಯಾರ ಹೆಸರಿನಲ್ಲಿದೆ?

ಪ್ರಮಾಣಪತ್ರ ತಪ್ಪಿದರೆ ಒಂದು ದಿನದಲ್ಲಿ ಸರಿಪಡಿಸಬಹುದು, ಡೊಮೇನ್ ತಪ್ಪಿದರೆ ಹಾಗಲ್ಲ. ಸೈಟ್ ಮಾಡಿಕೊಟ್ಟವರು ತಮ್ಮದೇ ಖಾತೆಯಲ್ಲಿ, ತಮ್ಮದೇ ಇಮೇಲ್ ಕೊಟ್ಟು ಹೆಸರನ್ನು ನೋಂದಾಯಿಸಿರುವುದು ಬಹಳ ಸಾಮಾನ್ಯ. ನೆನಪೋಲೆಗಳು ಅವರಿಗೇ ಹೋಗುತ್ತವೆ. ಅವರು ಊರು ಬಿಟ್ಟು ಕೆಲಸ ಬದಲಿಸಿದ್ದರೆ ಓದುವವರೇ ಇಲ್ಲ. ಡಾಟ್ ಕಾಂ ಹೆಸರಿನ ಅವಧಿ ಮುಗಿದ ಮೇಲೆ, ನೋಂದಣಿ ಕಂಪನಿಯನ್ನು ಅವಲಂಬಿಸಿ ಹೆಚ್ಚೆಂದರೆ 45 ದಿನ ಮಾಮೂಲಿ ದರದಲ್ಲಿ ನವೀಕರಿಸಲು ಬಿಡಬಹುದು. ಅದೂ ದಾಟಿದರೆ 30 ದಿನದ ರಿಡೆಂಪ್ಷನ್, ಅಂದರೆ ಬಿಡಿಸಿಕೊಳ್ಳುವ ಅವಧಿ, ಅಲ್ಲಿ ದಂಡದ ದರ ಹಲವು ಪಟ್ಟು. ಕೊನೆಗೆ 5 ದಿನ ಯಾರೂ ಏನೂ ಮಾಡುವಂತಿಲ್ಲ, ಆಮೇಲೆ ಹೆಸರು ಮೊದಲು ಬಂದವರಿಗೆ.

ಖಾತೆಯ ಲಾಗಿನ್, ನೋಂದಾಯಿತ ಇಮೇಲ್, ಮೊಬೈಲ್ ಸಂಖ್ಯೆ ಮೂರೂ ನಿಮ್ಮವೇ ಆಗಿವೆಯೇ ಎಂದು ಈಗಲೇ ನೋಡಿಕೊಳ್ಳಿ. ನೋಂದಾಯಿತ ಇಮೇಲ್ ಬದಲಿಸಿದಾಗ ಅದಕ್ಕೊಂದು ದೃಢೀಕರಣದ ಲಿಂಕ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ದುಡ್ಡು ಕಟ್ಟಿದ ಡೊಮೇನನ್ನೂ ತಡೆಹಿಡಿಯುತ್ತಾರೆ. ಆ ಪತ್ರ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರುವುದೂ ಉಂಟು, ಅಲ್ಲಿಯೂ ಹುಡುಕಿ.